ನಾಲ್ಕು ಬೆರಳಿನ ಲೆನ್ಸು

ಕ್ಯಾಮೆರಾಕ್ಕೆ ಒಂದು ಲಕ್ಷದ ಅರವತ್ತೆಂಟು ಸಾವಿರ. ಲೆನ್ಸಿಗೆ ಮೂವತ್ತಾರು ಸಾವಿರ, ಅದೂ ನಲವತ್ತು ವರ್ಷದ ಹಳೇ ಮಾಲು. ಹೊಸ ಕ್ಯಾಮೆರಾಕ್ಕೂ ಹಳೇ ಲೆನ್ಸಿಗೂ ನಂಟು ಬೆಸೆಯಲು ನಡುವೆ ಕೂರುವ ಒಂದು ಲೋಹದ ಬಳೆ, ಅದಕ್ಕೆ ಎರಡು ಸಾವಿರದ ಎಂಟುನೂರು. ಕೊಯಮತ್ತೂರಿಗೆ ಹೋಗಿಬಂದ ಬಸ್ ಚಾರ್ಜು, ದಿಂಬಂ ಘಾಟಿಯಲ್ಲಿ ಕುಡಿದ ಟೀ ಬೇರೆ. ಇದಕ್ಕಾಗಿ ಸ್ಟುಡಿಯೋದಿಂದ ಆಚೆ ಹೋದದ್ದು ಎರಡು ಫ್ಲಾಶ್ ಲೈಟು, ಅವುಗಳ ಕೊಡೆ, ಸ್ಟ್ಯಾಂಡು, ಹತ್ತು ವರ್ಷ ಅನ್ನ ಹಾಕಿದ್ದ ಹಳೇ ಕ್ಯಾಮೆರಾ ಮತ್ತು ಅದರ ಜೂಮ್ ಲೆನ್ಸು. ಚಾಮರಾಜನಗರದ ಒಬ್ಬ ಸ್ಟುಡಿಯೋದವನು ಎಲ್ಲ ಸೇರಿಸಿ ಎಪ್ಪತ್ತು ಸಾವಿರ ಕೊಟ್ಟ. ಮಿಕ್ಕಿದ್ದು ಅರ್ಚನಳ ಚೀಟಿ ದುಡ್ಡು.

ತಮಿಳುನಾಡಿನ ಗಡಿಯೊಳಗಿನ ತಾಳವಾಡಿಯ ಬಸ್ ಸ್ಟ್ಯಾಂಡಿನ ಎದುರಿಗೆ ಅವರ ಸ್ಟುಡಿಯೋ. ಬೋರ್ಡಿನಲ್ಲಿ ಒಂದು ಸಾಲು ತಮಿಳು, ಒಂದು ಸಾಲು ಕನ್ನಡ. ಮದುವೆ ಮುಂಜಿಗೆ ಗಂಡ ವೃಷಭೇಂದ್ರ ಹೋಗುತ್ತಿದ್ದ. ಪಾಸ್‌ಪೋರ್ಟ್ ಸೈಜು, ಜಮೀನಿನ ಪಟ್ಟಾ ಜೆರಾಕ್ಸು, ಲ್ಯಾಮಿನೇಷನ್, ಆಲ್ಬಮ್ಮಿಗೆ ಫೋಟೋ ಜೋಡಿಸಿ ಪ್ರೆಸ್ಸಿಗೆ ಕಳಿಸುವುದು ಅರ್ಚನಳ ಪಾಲು. ದಿನದ ಖರ್ಚು ಹುಟ್ಟುತ್ತಿದ್ದದ್ದು ಜೆರಾಕ್ಸಿನಿಂದ. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಅವಳು ಚೀಟಿ ದುಡ್ಡು ಕೊಟ್ಟದ್ದು ಸುಮ್ಮನೆ ಅಲ್ಲ. ಕೊಳ್ಳುವ ಮುಂಚೆ ವೃಷಭೇಂದ್ರ ಆ ಲೆನ್ಸನ್ನು ಒಂದು ವಾರಕ್ಕೆ ಬಾಡಿಗೆಗೆ ತಂದಿದ್ದ. ಅಂಗೈ ತುಂಬುವ ಕಪ್ಪು ಡಬ್ಬಿ, ಎತ್ತಿದರೆ ಅಡಕೆ ಕುಟ್ಟುವ ಕಲ್ಲಿನಷ್ಟು ಭಾರ. ಮುಂದಿನ ಗಾಜಿನಲ್ಲಿ ನೋಡಿದರೆ ನೇರಳೆ, ಹಸಿರು, ಜೇನಿನ ಬಣ್ಣ.

"ಒಂದು ಪಾಯಿಂಟ್ ಎರಡು ಕಣೇ ಇದು" ಅಂದಿದ್ದ. "ಈ ಬಾಯಿ ಪೂರ್ತಿ ತೆಗೆದ್ರೆ ದೀಪದ ಬೆಳಕೊಂದೇ ಸಾಕು. ಫಾಸ್ಟ್ ಲೆನ್ಸ್ ಅಂತಾರೆ ಇದುಕ್ಕೆ. ಹಿಂದಿಂದೆಲ್ಲ ಬೆಣ್ಣೆ ಕರಗ್ದಂಗೆ ಕರಗೋಗ್ತದೆ."

ಸಂಜೆ ಕರೆಂಟು ಹೋದಾಗ ಅವಳು ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ಒಂದು ಫೋಟೋ ತೆಗೆದ. ಅದನ್ನು ಪರದೆಯ ಮೇಲೆ ತೋರಿಸಿದ. ಹಿಂದಿನ ಮಸಿ ಗೋಡೆ, ಪಾತ್ರೆ, ಹರಿದ ಕ್ಯಾಲೆಂಡರು ಯಾವುದೂ ಇರಲಿಲ್ಲ. ಕೆಂಡದ ಬೆಳಕು ಕೆನ್ನೆಯ ಮೇಲೆ ಕೂತಿತ್ತು. ಹದಿನಾಲ್ಕು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ನೋಡಿರಲಿಲ್ಲ. ಮಾರನೇ ದಿನವೇ ಚೀಟಿ ಎತ್ತಿದಳು.

ಆ ಲೆನ್ಸಿನ ಗುಣ ಅವಳಿಗೆ ಅರ್ಥವಾದದ್ದು ಆಮೇಲೆ. ಬಾಯಿ ಪೂರ್ತಿ ತೆಗೆದರೆ ಅದರ ಕಣ್ಣಿಗೆ ಬೀಳುವುದು ನಾಲ್ಕು ಬೆರಳಿನಷ್ಟು ದಪ್ಪದ ಜಾಗ ಮಾತ್ರ. ಅದರ ಮುಂದಿನದೂ ಮಂಜು, ಹಿಂದಿನದೂ ಮಂಜು. ಆ ನಾಲ್ಕು ಬೆರಳು ಎಲ್ಲಿ ಕೂರಬೇಕು ಅನ್ನುವುದನ್ನು ಕೈಯಲ್ಲಿ ಉಂಗುರ ತಿರುಗಿಸಿ ತಾನೇ ಆರಿಸಬೇಕು.

ಆ ವರ್ಷ ವೈಶಾಖದಲ್ಲಿ ಮೇಘಳ ಮದುವೆ ಬಂತು. ಮೇಘ ಅಂದರೆ ದೊಡ್ಡಗಾಜನೂರಿನ ಸಿದ್ದಮಲ್ಲಪ್ಪನ ಕಿರೀ ಮಗಳು. ಸಿದ್ದಮಲ್ಲಪ್ಪ ಅರ್ಚನಳಿಗೆ ದೊಡ್ಡಪ್ಪ, ಅವಳ ತಂದೆ ನಂಜಯ್ಯನ ಸ್ವಂತ ಅಣ್ಣ. ಅಣ್ಣತಮ್ಮಂದಿರಿಗೆ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಭಾಗವಾದಾಗ ಬೋರ್‌ವೆಲ್ಲು ಅಣ್ಣನಿಗೆ ಹೋಯಿತು, ತಮ್ಮ ತನ್ನ ಹೊಲದ ಬದುವಿನ ಮೇಲಿದ್ದ ದಾರಿಗೆ ಸೀಮೆಜಾಲಿ ಮುಳ್ಳು ಬಡಿದ. ಅಂದಿನಿಂದ ಸಿದ್ದಮಲ್ಲಪ್ಪನ ಮನೆಯವರು ಕೆಳಗಿನ ಹೊಲಕ್ಕೆ ಹೋಗಬೇಕಾದರೆ ಕಾಡಂಚು ಬಳಸಿ ಎರಡು ಮೈಲಿ ಸುತ್ತಬೇಕು. ಆನೆ ಕಂದಕ ಅಲ್ಲಿ ಕುಸಿದು ಮೂರು ವರ್ಷವಾಗಿತ್ತು. ಹಿಂದಿನ ಸುಗ್ಗಿಯಲ್ಲಿ ಆಳು ಚಿಕ್ಕಸಿದ್ದನನ್ನು ಆನೆ ಅಟ್ಟಿಸಿಕೊಂಡು ಬಂದು, ಅವನು ಕಂದಕಕ್ಕೆ ಬಿದ್ದು ಕಾಲು ಮುರಿದುಕೊಂಡಿದ್ದ.

ಅದಾದ ಮೇಲೆ ಅರ್ಚನ ಸುಮ್ಮನಿರಲಿಲ್ಲ. ಮೂರು ಸಲ ತೌರಿಗೆ ಹೋಗಿ, ದಾರಿ ಬಿಡು, ಮದುವೆಗೆ ಬಾ ಅಂತ ಅಪ್ಪನ ಮುಂದೆ ಕೂತಳು. ಮೂರನೇ ಸಲ ನಂಜಯ್ಯ ಅಂದ: "ಓಗಿ ಧಾರೆ ಎರೆದ್ಬುಟ್ಟು ಬರ್ಬೋದು ಕಣವ್ವ. ನಾಳಕೆ ಅವ್ನು, ನನ್ತಮ್ಮ ಬರ್ನೇ ಇಲ್ಲ ಅಂದ್ರೆ ಏಳೋರ್ ಯಾರು?"

"ಫೋಟೋ ಏಳ್ತದಲ್ಲಪ್ಪ. ನಿನ್ನಳಿಯನೇ ತಾನೇ ತೆಗ್ಯದು? ಧಾರೆ ಎರೆಯದು ಆಲ್ಬಮ್ಮಲ್ಲಿ ಇದ್ರೆ ಯಾರ್ ಇಲ್ಲ ಅಂದಾರು?"

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಕಡೆ ಮದುವೆ ಆಲ್ಬಮ್ಮು ಅಂದರೆ ನೆಂಟಸ್ತಿಕೆಯ ರಿಜಿಸ್ಟರು ಇದ್ದ ಹಾಗೆ. ಗಂಡುಹೆಣ್ಣಿನ ಕೂಡಿದ ಕೈ ಮೇಲೆ ಯಾರ್ಯಾರು ಹಾಲೆರೆದರು ಅನ್ನುವುದನ್ನು ಆಮೇಲೆ ಹಾಳೆ ತಿರುವಿ ನೋಡುತ್ತಾರೆ. ಮೊದಲು ತಮ್ಮ ಮುಖ ಹುಡುಕುತ್ತಾರೆ, ಆಮೇಲೆ ಆಗದವರ ಮುಖ.

ಮದುವೆಯ ಹಿಂದಿನ ದಿನ ನಂಜಯ್ಯ ತಾನೇ ಕವೆಕೋಲು ಹಿಡಿದು ಮುಳ್ಳು ಎಳೆದು ಹಾಕಿದ. ಸಂಜೆ ಸಿದ್ದಮಲ್ಲಪ್ಪನ ಟ್ರಾಕ್ಟರು ಹನ್ನೊಂದು ವರ್ಷದ ಮೇಲೆ ಬದುವಿನ ಮೇಲೆ ಬಂತು.

ಮುಹೂರ್ತ ಬೆಳಗಿನ ಆರಕ್ಕೆ. ಮಂಟಪದಲ್ಲಿ ವೃಷಭೇಂದ್ರನಿಗೆ ಮೊದಲ ಇಪ್ಪತ್ತು ನಿಮಿಷ ಎಲ್ಲ ಸರಿಯಾಗಿಯೇ ಇತ್ತು. ಲೆನ್ಸಿನ ಬಾಯಿ ಅರ್ಧ ಮುಚ್ಚಿಕೊಂಡು, ಹಾಲೆರೆಯುವ ತಂದೆ ತಾಯಿ, ಸೋದರಮಾವ, ಅತ್ತೆ, ಎಲ್ಲರನ್ನೂ ಮುಖ ಕಾಣುವ ಹಾಗೆ ತೆಗೆದ. ವಿಡಿಯೋದ ಮಧುಕುಮಾರ್ ಪಕ್ಕದಿಂದ ಲೈಟು ಹಿಡಿದಿದ್ದ. ಆ ಬೆಳಕಿನಲ್ಲಿ ಹಾಲಿನ ಧಾರೆ ಬೆಳ್ಳಿ ದಾರದ ಹಾಗೆ ಕಂಡಿತು. ಬೇಕಾದದ್ದೆಲ್ಲ ಆಯಿತು, ಇನ್ನು ನನಗೋಸ್ಕರ ಒಂದು ಅಂದುಕೊಂಡ. ಬಾಯಿ ಪೂರ್ತಿ ತೆಗೆದ. ಅಷ್ಟು ಹೊತ್ತಿಗೆ ಹಾಲಿನ ಗಿಂಡಿ ಹಿಡಿದು ಮುಂದೆ ಬಂದವನು ಮಾವ ನಂಜಯ್ಯ.

ನಾಲ್ಕು ಫೋಟೋ ತೆಗೆದ. ನಾಲ್ಕರಲ್ಲೂ ಹಾಲಿನ ಹನಿ ಹನಿಯೂ ಎಣಿಸುವ ಹಾಗಿತ್ತು. ಅಲ್ಲೇ ಮಗಳ ಕೈ ಹಿಡಿದು ಕೂತಿದ್ದ ಸಿದ್ದಮಲ್ಲಪ್ಪನ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಅವರ ಹಿಂದೆ ಒಂದು ಬಿಳೀ ಕಲೆ, ಅದರ ಮೇಲೆ ಒಂದು ಕಂದು ಕಲೆ. ಅದು ನಂಜಯ್ಯ. ಅವನು ಎರೆದವನೇ ಸ್ಟೇಜಿನ ಗ್ರೂಪ್ ಫೋಟೋಕ್ಕೂ ನಿಲ್ಲದೆ, ಪಂಕ್ತಿಗೂ ಕೂರದೆ ಹೊರಟ. "ಊಟ ನಿಮ್ಮನೇಲೇ ಮಾಡ್ತೀನಿ, ಇಲ್ಲಲ್ಲ" ಅಂದಿದ್ದ ಅಣ್ಣನಿಗೆ. ಹನ್ನೊಂದು ವರ್ಷದಲ್ಲಿ ಅದೇ ಮೊದಲ ಮಾತು.

ಆಲ್ಬಮ್ಮಿಗೆ ಫೋಟೋ ಆರಿಸಿದವಳು ಮೇಘ. ಹಾಲಿನ ಫೋಟೋ ಅವಳಿಗೆ ಹಿಡಿಸಿತು, ಎರಡು ಹಾಳೆ ತುಂಬ ಹಾಕಿ ಅಂದಳು. ಜೋಡಿಸುವಾಗ ಅರ್ಚನ ನೋಡಿದಳು. ಗಂಡನನ್ನು ಕರೆದಳು.

"ಇದ್ರಲ್ಲಿ ಅಪ್ಪ ಎಲ್ಲಿ?"

"ಇದು ಧಾರೆ ಎರೆಯೋರ ಫೋಟೋ ಅಲ್ಲ ಕಣೇ, ಧಾರೆ ಫೋಟೋ" ಅಂದ ವೃಷಭೇಂದ್ರ. ಅವನ ಮುಖದಲ್ಲಿ ಅಷ್ಟೊಂದು ಸಂತೋಷವಿತ್ತು. "ಈ ತಾಳವಾಡಿ ಬೆಟ್ಟದಲ್ಲಿ ಇಂಥದ್ದನ್ನ ಯಾರೂ ತೆಗೆದಿಲ್ಲ, ಬರ್ಕೊಡ್ತೀನಿ."

ಬೇರೆ ಫೋಟೋ ಇದ್ದೇ ಇರುತ್ತದೆ, ವಿಡಿಯೋ ಇದೆ, ಆಮೇಲೆ ಹುಡುಕಿದರಾಯಿತು ಅಂದುಕೊಂಡಳು. ಪ್ರೆಸ್ಸಿನವರು ಅಂದೇ ಕಡೇ ದಿನ ಅಂದಿದ್ದರು. ಕಳಿಸಿಬಿಟ್ಟಳು. ಆ ತಪ್ಪು ಅವಳದು, ಅದನ್ನು ಅವಳು ಯಾರ ಮೇಲೂ ಹಾಕಲಿಲ್ಲ.

ಆಷಾಢಕ್ಕೆ ಮೇಘ ತೌರಿಗೆ ಬಂದಾಗ ಸಿದ್ದಮಲ್ಲಪ್ಪ ನೆಂಟರನ್ನು ಊಟಕ್ಕೆ ಕರೆದ. ಇಪ್ಪತ್ತು ಜನ. ನಂಜಯ್ಯ ಬಿಳೀ ಪಂಚೆ ಉಟ್ಟು, ಎರಡು ಡಜನ್ ಬಾಳೆಹಣ್ಣು ಹಿಡಿದು ಬಂದ. ಒಳಗೆ ಎಲೆ ಹಾಕುತ್ತಿದ್ದರು, ಪಡಸಾಲೆಯಲ್ಲಿ ಆಲ್ಬಮ್ಮು ಕೈಯಿಂದ ಕೈಗೆ ಹೋಗುತ್ತಿತ್ತು. ನಂಜಯ್ಯ ಅದನ್ನು ತೊಡೆ ಮೇಲೆ ಇಟ್ಟುಕೊಂಡು ಒಂದೊಂದೇ ಹಾಳೆ ತಿರುವಿದ. ಧಾರೆಯ ಹಾಳೆಗಳು ಮುಗಿದವು. ಹಿಂದಕ್ಕೆ ತಿರುವಿದ. ಮತ್ತೆ ಮುಂದಕ್ಕೆ.

"ನಂದೆಲ್ಲವ್ವ ಇದ್ರಲ್ಲಿ?"

ಅರ್ಚನ ಬಾಯಿ ತೆಗೆಯುವ ಮುಂಚೆ ಸಿದ್ದಮಲ್ಲಪ್ಪನ ಹಿರೀ ಅಳಿಯ ನಟರಾಜ್ ಬಗ್ಗಿ ಬೆರಳಿಟ್ಟ. ಜೀರಹಳ್ಳಿಯವನು, ನಾಲಗೆ ಸ್ವಲ್ಪ ಉದ್ದ. "ಇಲ್ಲೇ ಇದೀರಲ್ಲ ಮಾವ, ಈ ಹಿಟ್ಟು ಬಳ್ದಂಗಿರೋದು. ಬ್ಲರ್ ಅಂತಾರೆ ಇದುಕ್ಕೆ. ಫೋನಲ್ಲೂ ಬತ್ತದೆ. ಬೇಕಾದೋರ್ನ ಇಟ್ಕಂದು ಬ್ಯಾಡ್ದೋರ್ನ ಅಳಿಸಾಕದು."

ಇಬ್ಬರು ನಕ್ಕರು. ನಂಜಯ್ಯ ಎರಡು ಹಾಳೆಯಗಲ ಹೊಳೆಯುತ್ತಿದ್ದ ಅಣ್ಣನ ಮುಖ ನೋಡಿದ, ಅದರ ಹಿಂದಿನ ಕಲೆ ನೋಡಿದ, ಆಲ್ಬಮ್ಮು ಮುಚ್ಚಿದ. ಒಳಗಿಂದ "ಏಳಿ, ಎಲೆ ಆಯ್ತು" ಅಂತ ಕೂಗು ಬಂತು. ಅವನು ಎದ್ದ, ಚಪ್ಪಲಿ ಮೆಟ್ಟಿದ, ನೀರು ಕೂಡ ಕುಡಿಯದೆ ನಡೆದುಬಿಟ್ಟ. ಹೋಗುವಾಗ ಮಗಳಿಗೆ ಮಾತ್ರ ಅಂದ: "ಫೋಟೋ ಏಳ್ತದೆ ಅಂದಿದ್ದಲ್ಲವ್ವ. ಏಳ್ತು."

ಮಾರನೇ ಬೆಳಿಗ್ಗೆ ಬದುವಿನ ಮೇಲೆ ಮುಳ್ಳು ಬಿದ್ದಿತ್ತು.

ಅರ್ಚನ ಮೊದಲು ಮಧುಕುಮಾರನ ವಿಡಿಯೋ ನೋಡಿದಳು. ಅಪ್ಪ ಗಿಂಡಿ ಎತ್ತುವ ಹೊತ್ತಿಗೆ ಅವನು ಬ್ಯಾಟರಿ ಬದಲಿಸುತ್ತಿದ್ದ. ಮತ್ತೆ ಶುರುವಾದಾಗ ಕಾಣುವುದು ಇಳಿದು ಹೋಗುವ ಅಪ್ಪನ ಹೆಗಲು. ಆಮೇಲೆ ಮದುವೆಗೆ ಬಂದವರ ಫೋನು. ಮನೆ ಮನೆಗೆ ಹೋಗಿ, ಕಾಫಿ ಕುಡಿದು, ಏಳು ಫೋನು ತಡಕಿದಳು. ಆ ಗಳಿಗೆಯ ಫೋಟೋ ಏಳರಲ್ಲೂ ಇತ್ತು. ಏಳರಲ್ಲೂ ಅಪ್ಪ ನಿಂತ ಜಾಗಕ್ಕೆ ಸರಿಯಾಗಿ ಗಂಡನ ಬೆನ್ನು. ಕಪ್ಪು ಟೀ ಶರ್ಟು, ಬೆವರಿನ ಕಲೆ, ಬೆನ್ನ ಮೇಲೆ ದೊಡ್ಡದಾಗಿ ಸ್ಟುಡಿಯೋ ಹೆಸರು. ಅದನ್ನು ಪ್ರಿಂಟ್ ಹಾಕಿಸಿದ್ದವಳು ಅವಳೇ.

ವೃಷಭೇಂದ್ರ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೇ ದಿನ ಕಂಪ್ಯೂಟರಿನ ಮುಂದಿನಿಂದ ಕರೆದ. ಮಸುಕಾದ ಮುಖವನ್ನು ತಿದ್ದಿಕೊಡುವ ಹೊಸ ಸಾಫ್ಟ್‌ವೇರು ಹಾಕಿದ್ದ. ಕಂದು ಕಲೆ ಇದ್ದಲ್ಲಿ ಒಂದು ಮುಖ ಮೂಡಿತ್ತು. ಗಟ್ಟಿ ದವಡೆ, ತುಂಬು ಕೆನ್ನೆ, ಸಾಲಾಗಿ ಬಿಳೀ ಹಲ್ಲು.

"ಅಪ್ಪಂಗೆ ಮುಂದಿನ ಹಲ್ಲಿಲ್ಲ" ಅಂದಳು ಅರ್ಚನ.

"ಹಲ್ಲು ತೆಗೀಬೋದು."

"ತೆಗೆದ್ರೆ ಹಲ್ಲಿಲ್ಲದ ಬೇರೆ ಯಾರೋ ಆಗ್ತಾನೆ. ಅಳಿಸಿ ಅದನ್ನ. ಯಾರ್ಗೂ ತೋರಿಸ್ಬೇಡಿ."

ಅವನು ಅಳಿಸಿದ. "ಇಬ್ಬರನ್ನೂ ಕರೆಸಿ ಇನ್ನೊಂದು ಸಲ ತೆಗೆದ್ರೆ?" ಅಂದ.

"ಧಾರೆ ಎರಡ್ಸಲ ಎರೀತಾರಾ?"

ಅವನು ಕಂಪ್ಯೂಟರು ಆರಿಸಿದ. ಕೆಟ್ಟವನಲ್ಲ, ಜಿಪುಣನಲ್ಲ, ಕುಡುಕನಲ್ಲ. ಅವನ ಕಣ್ಣಿಗೆ ಒಂದು ಹುಚ್ಚು ಹತ್ತಿತ್ತು, ಅಷ್ಟೆ. ಆ ಹುಚ್ಚಿನಿಂದಲೇ ತನ್ನದೂ ಒಂದು ಚೆಂದದ ಫೋಟೋ ಗೋಡೆ ಮೇಲಿದೆ ಅನ್ನುವುದನ್ನು ಅರ್ಚನ ಮರೆತಿರಲಿಲ್ಲ. ಬೈಯುವುದಾಗಿದ್ದರೆ ಚೀಟಿ ಎತ್ತುವ ದಿನವೇ ಬೈಯಬೇಕಿತ್ತು.

"ನಡೀರಿ" ಅಂದಳು. "ಕ್ಯಾಮೆರಾನೂ ತಕ್ಕಳಿ."

ನಂಜಯ್ಯ ಬದುವಿನ ಹತ್ತಿರವೇ ಇದ್ದ, ಬೀಳುತ್ತಿದ್ದ ಮುಳ್ಳನ್ನು ಕವೆಕೋಲಿನಿಂದ ಒತ್ತುತ್ತಿದ್ದ. ಅಳಿಯನನ್ನು ನೋಡಿ ಕೋಲು ಇಳಿಸಿದ. "ಬನ್ನಿ ಅಳಿಮಯ್ಯ" ಅಂದ. ಮರ್ಯಾದೆ ಬಿಡುವವನಲ್ಲ. ದನಿ ಮಾತ್ರ ಒಣಗಿತ್ತು.

ವೃಷಭೇಂದ್ರ ಕ್ಯಾಮೆರಾ ಎತ್ತಿ ಹಿಂದಿನ ಪರದೆಯನ್ನು ಮಾವನ ಕಡೆ ತಿರುಗಿಸಿದ. ನಂಜಯ್ಯನ ಕೈ ಹಿಡಿದು ಬೆರಳುಗಳನ್ನು ಲೆನ್ಸಿನ ಉಂಗುರದ ಮೇಲೆ ಇಟ್ಟ. "ತಿರುಗಿಸಿ ಮಾವ, ಮೆಲ್ಲಗೆ."

ನಂಜಯ್ಯ ತಿರುಗಿಸಿದ. ಮುಂದಿನ ಮುಳ್ಳು ಸೂಜಿ ಸೂಜಿಯಾಗಿ ಎದ್ದು ನಿಂತಿತು, ಅದರಾಚೆ ಅಣ್ಣನ ಹೊಲವೂ ಇಲ್ಲ, ಬೆಟ್ಟವೂ ಇಲ್ಲ. ಇನ್ನೂ ತಿರುಗಿಸಿದ. ಮುಳ್ಳು ಕರಗಿತು. ಆಚೆಯ ಅರಿಶಿನದ ಸಾಲು, ಪಂಪ್ ಮನೆಯ ಕದ, ಕದದ ಬೀಗ ಮೂಡಿದವು. ಎರಡು ಮೂರು ಸಲ ಹಿಂದೆ ಮುಂದೆ ಮಾಡಿದ.

"ಅಂಗಾರೆ ಯಾರ್ನ ಇಟ್ಕಬೇಕು, ಯಾರ್ನ ಬುಡ್ಬೇಕು ಅನ್ನದು ನಿಮ್ಮ ಕೈಲೇ ಅದೆ."

"ಹೌದು ಮಾವ."

"ನಮ್ಮಣ್ಣ ಏಳ್ಕೊಟ್ಟಿದ್ನ?"

"ಇಲ್ಲ. ಯಾರೂ ಹೇಳಿರಲಿಲ್ಲ. ಹಾಲು ಬೀಳ್ತಿತ್ತು, ಅದರ ಮೇಲೆ ಬೆಳಕಿತ್ತು. ನಾನು ಅದನ್ನೇ ನೋಡ್ತಿದ್ದೆ."

"ಇಂದ್ಗಡೆ ನಾ ನಿಂತಿದ್ನಲ್ಲ."

"ನಿಂತಿದ್ರಿ."

"ಕಾಣ್ನಿಲ್ವ?"

ವೃಷಭೇಂದ್ರ ಹೆಂಡತಿಯ ಕಡೆ ನೋಡಿದ. ಅರ್ಚನ ಬೇರೆ ಕಡೆ ನೋಡಲಿಲ್ಲ. "ಕಾಣ್ತಿದ್ರಿ ಮಾವ" ಅಂದ. "ನಾನು ನೋಡಲಿಲ್ಲ."

ನಂಜಯ್ಯ ಬದುವಿನ ಕಲ್ಲಿನ ಮೇಲೆ ಕೂತ. ಕವೆಕೋಲಿನ ತುದಿಯಿಂದ ಮಣ್ಣು ಕೆದಕಿದ. "ಅವ್ನು ಮಾಡ್ಸಿದ್ದಾನೆ ಅಂತ ಇದ್ದಾಗ ಸಿಟ್ಟಾದ್ರೂ ಇತ್ತು" ಅಂದ. "ಇದುಕ್ಕೆ ಏನ್ ಮಾಡದು? ಹನ್ನೊಂದು ವರ್ಷ ಬುಟ್ಟು ಒಂದ್ಸಲ ಎದ್ದೋಗಿ ನಿಂತ್ಕಂಡೆ. ನೋಡೋರೇ ಇರ್ನಿಲ್ಲ."

ಅರ್ಚನ ಅಪ್ಪನ ಪಕ್ಕ ಕೂತಳು. "ನಂದೂ ತಪ್ಪದೆ. ಪ್ರೆಸ್ಸಿಗೆ ಕಳ್ಸೋವಾಗ ನಾ ನೋಡಿದ್ದೆ ಕಣಪ್ಪ."

"ನೀನೂ ನೋಡಿದ್ದ?" ಅಂದ. ಆ ಮಾತು ಅವಳಿಗೆ ಆ ವರ್ಷ ಬಿದ್ದ ಏಟುಗಳಲ್ಲೆಲ್ಲ ದೊಡ್ಡದು.

ಆಮೇಲೆ ಅವನು ಎದ್ದು ಅಳಿಯನಿಗೆ ಹೇಳಿದ: "ನನ್ ಮುಂದೆ ಏಳಿದ್ರಿ, ಸರಿ. ಆ ಪಡಸಾಲೇಲಿ ನಕ್ಕೋರವ್ರಲ್ಲ, ಅವ್ರ ಮುಂದೆ ಏಳಿ. ಮುಳ್ಳಿನ ಮಾತು ಆಮ್ಯಾಕೆ."

ಹೇಳುವುದು ಸುಲಭವಿರಲಿಲ್ಲ. ತಪ್ಪು ಮಾಡಿದೆ ಅಂತ ಇಪ್ಪತ್ತು ನೆಂಟರ ಮುಂದೆ ಒಪ್ಪಿಕೊಂಡ ಫೋಟೋದವನನ್ನು ಮುಂದಿನ ಮದುವೆಗೆ ಯಾರು ಕರೆಯುತ್ತಾರೆ? ಜೀರಹಳ್ಳಿಯ ಗುರುಮೂರ್ತಿ ಮಗನ ಮದುವೆಗೆ ಐವತ್ತು ಸಾವಿರಕ್ಕೆ ಮಾತಾಡಿ ಹೋಗಿದ್ದ. ನಟರಾಜ್ ಅದೇ ಊರಿನವನು. ದಾರಿಯುದ್ದಕ್ಕೂ ವೃಷಭೇಂದ್ರ ಅದನ್ನೇ ಲೆಕ್ಕ ಹಾಕುತ್ತಿದ್ದ. ಅರ್ಚನಳೂ ಹಾಕುತ್ತಿದ್ದಳು. ಆದರೆ ಕುಸಿದ ಕಂದಕದ ಪಕ್ಕ ದೊಡ್ಡಪ್ಪನ ಆಳುಗಳು ಮತ್ತೆ ನಡೆಯುತ್ತಿದ್ದಾರೆ ಅನ್ನುವುದೂ ಅವಳ ಲೆಕ್ಕದಲ್ಲಿತ್ತು.

ಸೋಮವಾರ ಅದೇ ಜನರನ್ನು ಅವಳೇ ಮನೆ ಮನೆಗೆ ಹೋಗಿ ಕರೆದಳು. ವೃಷಭೇಂದ್ರ ದೊಡ್ಡಪ್ಪನ ಪಡಸಾಲೆಯ ಕಂಬದ ಹತ್ತಿರ ನಿಂತು, ತೊದಲಿದರೂ, ಪೂರ್ತಿ ಹೇಳಿದ. ಯಾರೂ ಹೇಳಿ ಮಾಡಿಸಿದ್ದಲ್ಲ, ನಂಜಯ್ಯ ಮಾವ ಹಾಲೆರೆದದ್ದು ನಿಜ, ಮುಖ ಬರದ ಹಾಗೆ ತೆಗೆದವನು ನಾನು, ಚೆಂದಕ್ಕೆ ಬಲಿಬಿದ್ದೆ ಅಂದ.

ನಟರಾಜ್ ಬಿಡಲಿಲ್ಲ. "ಅಲ್ಲ ಭಾವ, ಎರಡು ಲಕ್ಷದ ಕ್ಯಾಮೆರಾದಲ್ಲಿ ಒಬ್ಬರ ಮುಖ ಬರಲ್ಲ ಅನ್ನಿ. ನನ್ನ ಹನ್ನೆರಡು ಸಾವಿರದ ಫೋನಲ್ಲಿ ಮೂವತ್ತು ಜನ ಬತ್ತರೆ."

"ಬತ್ತರೆ" ಅಂದ ವೃಷಭೇಂದ್ರ. "ಆ ದಿನ ನಿಮ್ಮ ಫೋನೇ ತರಬೇಕಿತ್ತು."

ಈ ಸಲ ಯಾರೂ ನಗಲಿಲ್ಲ. ಸಿದ್ದಮಲ್ಲಪ್ಪ ಎಲೆಯಡಿಕೆ ತಟ್ಟೆ ಪಕ್ಕಕ್ಕೆ ಸರಿಸಿದ. "ಇವ್ರು ತಪ್ಪೊಪ್ಕಂಡ್ರು, ಸರಿ. ಅವ್ನು ಎಲೆ ಆಕಿದ್ಮ್ಯಾಕೆ ಎದ್ದೋದ್ನಲ್ಲ. ನನ್ನ ಒಂದು ಮಾತು ಕೇಳ್ಬೌದಿತ್ತು. ಅದುಕ್ಕೆ ಯಾರ್ ಒಪ್ಕತರೆ?"

ಅದಕ್ಕೆ ಒಪ್ಪಿಕೊಳ್ಳಬೇಕಾದ ನಂಜಯ್ಯ ಅಲ್ಲಿಗೆ ಬಂದಿರಲಿಲ್ಲ. ಅರ್ಚನ ಬಾಯಿ ತೆಗೆದಳು, ದೊಡ್ಡಪ್ಪ ಕೈ ಎತ್ತಿ ತಡೆದ. "ನೀ ಬ್ಯಾಡ ಮಗ. ನೀ ಬಾಳ ಓಡಾಡ್ಬುಟ್ಟೆ. ಆ ಫೋಟೋದ ಆಳೆ ಮಾತ್ರ ನಮ್ಮನೇಲಿ ಇರದು ಬ್ಯಾಡ. ತೆಗೆಸ್ಬುಡು."

ಆ ಆಲ್ಬಮ್ಮಿನ ಹಾಳೆ ಒಂದಕ್ಕೊಂದು ಅಂಟಿರುತ್ತದೆ, ಒಂದನ್ನು ಕಿತ್ತರೆ ಎಲ್ಲ ಹಾಳು. ಪೂರ್ತಿ ಹೊಸದು ಮಾಡಿಸಬೇಕಾಯಿತು, ಒಂಬತ್ತೂವರೆ ಸಾವಿರ. ಲೆನ್ಸನ್ನು ವೃಷಭೇಂದ್ರ ತಾನೇ ಕೊಯಮತ್ತೂರಿಗೆ ತೆಗೆದುಕೊಂಡು ಹೋದ. ಅರ್ಚನ ಮಾರು ಅಂದಿರಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅಂಗಡಿಯವನು ಮೂವತ್ತೊಂದು ಸಾವಿರ ಕೊಟ್ಟ. ಅವನು ಘಾಟಿ ಹತ್ತಿ ಬರುವಾಗ ಚೀಲದಲ್ಲಿ ಎರಡು ಫ್ಲಾಶ್ ಲೈಟೂ, ಯಾವ ಹೆಸರೂ ಇಲ್ಲದ ಒಂದು ಸಾದಾ ಜೂಮ್ ಲೆನ್ಸೂ ಇದ್ದವು. ಅದರಲ್ಲಿ ಎಲ್ಲರ ಮುಖವೂ ಬರುತ್ತದೆ. ಅವನು ಅದನ್ನು ಎತ್ತಿಕೊಂಡು ಮದುವೆಗೆ ಹೋಗುತ್ತಾನೆ, ಬರುತ್ತಾನೆ, ಫೋಟೋ ತೋರಿಸಲು ಅವಳನ್ನು ಕರೆಯುವುದಿಲ್ಲ.

ಗುರುಮೂರ್ತಿ ಮಗನ ಮದುವೆಗೆ ಬೇರೆ ಸ್ಟುಡಿಯೋ ಕರೆಸಿದ.

ಮುಂದಿನ ವಾರ ನಂಜಯ್ಯ ಬದುವಿನ ಮುಳ್ಳನ್ನು ಒಂದು ಕಡೆ ಎಳೆದ. ಒಬ್ಬ ಮನುಷ್ಯ ತಲೆ ಮೇಲೆ ಹೊರೆ ಹೊತ್ತು ಹೋಗುವಷ್ಟು ಅಗಲ. ಟ್ರಾಕ್ಟರು ಹೋಗುವುದಿಲ್ಲ. ಚಿಕ್ಕಸಿದ್ದ ಕುಂಟುತ್ತ ಅದರಲ್ಲೇ ಓಡಾಡುತ್ತಾನೆ. ಅಣ್ಣತಮ್ಮಂದಿರು ಮಾತಾಡುವುದಿಲ್ಲ.

ಸಿಕ್ಕಿದ್ದು ಕಾಲುದಾರಿ. ಹೋದದ್ದು ಒಂದು ಲೆನ್ಸು, ಒಂದು ಮದುವೆಯ ಆರ್ಡರು, ಟ್ರಾಕ್ಟರು ಹೋಗುವ ದಾರಿ. ಹೊಸ ಆಲ್ಬಮ್ಮಿನಲ್ಲಿ ಧಾರೆ ಎರೆದವರ ಮುಖ ಮೂವತ್ತೆಂಟು ಇವೆ. ನಂಜಯ್ಯನದು ಇಲ್ಲ.